ಅವ್ವನ ಸಂಚಿಯೊಳಗಿನ ಟಿಕೆಟ್

೨೦೦೭ರಲ್ಲಿ ನಾನು ಯಾದಗಿರಿ ಸ್ಟೇಷನ್ ರಸ್ತೆಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಕ್ಲರ್ಕ್ ಆಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ಸುರಪುರದ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್‌ಗಳು ಮನೆಯಲ್ಲಿದ್ದವು. ಪುರಾವೆ ಇಲ್ಲದೆ ದೇವರನ್ನೂ ನಂಬುವುದಿಲ್ಲ, ಮಾಲಕರನ್ನೂ ನಂಬುವುದಿಲ್ಲ ಎಂಬ ಹಟ ತಲೆಯಲ್ಲಿತ್ತು.

ಆಗ ವಿಮಾನದ ಟಿಕೆಟ್ ಎಂದರೆ ಒಂದು ಸಣ್ಣ ಪುಸ್ತಕ, ಒಳಗೆ ಕಾರ್ಬನ್ ಬಳಿದ ತೆಳು ಹಾಳೆಗಳು. ಪ್ರಯಾಣಿಕನ ಹಾಳೆಗೆ ಫ್ಲೈಟ್ ಕೂಪನ್ ಎನ್ನುತ್ತಿದ್ದರು. ಅದನ್ನು ಕೊಟ್ಟರಷ್ಟೇ ವಿಮಾನ ಹತ್ತಲು ಬಿಡುತ್ತಿದ್ದರು. ಅದರ ನಕಲು, ಅಂದರೆ ಏಜೆಂಟ್ ಕೂಪನ್, ನಮ್ಮ ಫೈಲಿನಲ್ಲಿ ಉಳಿಯುತ್ತಿತ್ತು. ಎರಡರ ಮೇಲೂ ಅದೇ ಹದಿಮೂರು ಅಂಕಿಯ ನಂಬರು.

ದೋರನಹಳ್ಳಿಯ ಮರೆಪ್ಪ ಎಂಟು ವರ್ಷ ನಮ್ಮ ಕಾಲುವೆಗಳ ಮೇಲೆ ಮಣ್ಣು ತೋಡುವ ಮಿಷನ್ ಓಡಿಸಿದವನು. ಕಾಲುವೆ ಕೆಲಸ ಮುಗಿಯುತ್ತ ಬಂದಾಗ ಅದೇ ಕೈಚಳಕ ಅವನನ್ನು ದುಬೈಗೆ ಒಯ್ದಿತ್ತು. ತಾಯಿ ಭೀಮವ್ವನಿಗೆ ಮೈ ಹುಷಾರಿಲ್ಲವೆಂದು ಊರಿಗೆ ಬಂದವನು ಐದು ತಿಂಗಳು ಉಳಿದಿದ್ದ. ಆರು ತಿಂಗಳು ಹೊರಗಿದ್ದರೆ ವೀಸಾ ರದ್ದು. ಹಾಗಾಗಿ ಗಡುವಿನ ಹಿಂದಿನ ದಿನಕ್ಕೆ, ಹೈದರಾಬಾದಿನಿಂದ, ಟಿಕೆಟ್ ಮಾಡಿಸಿದ. ದವಾಖಾನೆಗೆ ಕರೆತಂದಿದ್ದ ತಾಯಿಯೂ ಅವನ ಜೊತೆಗಿದ್ದಳು. ಟಿಕೆಟ್ ಇಸಿದುಕೊಂಡು ಬೆರಳಲ್ಲಿ ಮುಟ್ಟಿ ನೋಡಿದಳು.

"ಇಷ್ಟು ತೆಳ್ಳನ ಕಾಗದ ನನ್ನ ಮಗನ್ನ ಸಮುದ್ರ ದಾಟಸ್ತದೇನೋ ಯಪ್ಪಾ? ಇದಕ್ಕಿಂತ ನನ್ನ ರೊಟ್ಟಿ ದಪ್ಪ ಆಗ್ತಾವ."

"ದಾಟಸ್ತದ ಆಯಿ. ಆದ್ರ ಕಾಗದ ಹೋಯ್ತಂದ್ರ ಟಿಕೆಟ್ಟೂ ಹೋಯ್ತು. ಯಾರ ಕೈಗೂ ಸಿಗದಂಗ ಇಡ್ರಿ" ಎಂದೆ.

"ನನ್ನ ಸಂಚಿಗಿ ಯಾವ ಮಗ ಕೈ ಹಾಕ್ತಾನ, ನೋಡ್ತೀನಿ" ಎಂದು ನಕ್ಕು, ಎಲೆ-ಅಡಿಕೆಯ ಬಟ್ಟೆ ಸಂಚಿಯೊಳಗೆ ಅದನ್ನು ಮಡಚಿಟ್ಟುಕೊಂಡಳು.

ಹೊರಡಲು ನಾಲ್ಕು ದಿನವಿದ್ದಾಗ ಮರೆಪ್ಪ ಒಬ್ಬನೇ ಬಂದ. ತಲೆ ಬೋಳಿಸಿದ್ದ; ಭೀಮವ್ವ ತೀರಿಕೊಂಡಿದ್ದಳು. ನಮ್ಮ ಕಡೆ ಎಲೆ-ಅಡಿಕೆ ಹಾಕುವ ಮುದುಕಿ ತೀರಿಕೊಂಡರೆ ಆಕೆಯ ಸಂಚಿಯನ್ನೂ ಜೊತೆಗೇ ಮಣ್ಣಿಗಿಡುತ್ತಾರೆ. ಬಿಚ್ಚಿ ನೋಡುವುದಿಲ್ಲ, ಹೋಗುವವರ ಗಂಟು ತಪಾಸಣೆ ಮಾಡಬಾರದು ಎನ್ನುತ್ತಾರೆ. ಕುಣಿಯೊಳಗೆ ಅವನ ಅಕ್ಕ ಸಂಚಿ ಇಟ್ಟಿದ್ದಳು, ಇವನು ಮಣ್ಣು ಹಾಕಿದ್ದ. ಟಿಕೆಟ್ ನೆನಪಾದದ್ದು ಮನೆಗೆ ಬಂದ ಮೇಲೆ.

ಟಿಕೆಟ್ ಕಳೆದರೆ ಒಂದು ಇಂಡೆಮ್ನಿಟಿ ಫಾರಂ ಇತ್ತು. ಹಳೆಯ ಟಿಕೆಟನ್ನು ಬೇರೆ ಯಾರಾದರೂ ಬಳಸಿದರೆ ನಷ್ಟ ನನ್ನದು ಎಂದು ಪ್ರಯಾಣಿಕ ಸಹಿ ಹಾಕಿದರೆ, ನಮ್ಮ ಫೈಲಿನಲ್ಲಿದ್ದ ನಂಬರಿನ ಮೇಲೆ ಬದಲಿ ಟಿಕೆಟ್ ಸಿಗುತ್ತಿತ್ತು. ಅದರಲ್ಲೊಂದು ಸಾಲು: 'ಟಿಕೆಟ್ ಕಳೆದಿದೆ; ಎಲ್ಲಿದೆ ಎಂಬುದು ನನಗೆ ತಿಳಿದಿಲ್ಲ.'

"ಇದು ಕಳದಿಲ್ಲಲ್ಲ ಮರೆಪ್ಪಣ್ಣ. ಎಲ್ಲಿ ಅದ ಅಂತ ನಿನಗ ಗೊತ್ತದ, ನನಗ ಗೊತ್ತದ" ಎಂದೆ.

"ಮತ್ತೇನ್ ಮಾಡ್ಲಿರಿ ಸಾಹೇಬ್ರ?"

"ತೆಗಸು. ಸತ್ತವರಿಗಿ ನೋವಾಗ್ತದಂತ ಯಾರ್ ನೋಡ್ಯಾರ? ನಿಮ್ಮವ್ವ ಇದ್ದಿದ್ರ ತಾನ ತೆಗದು ಕೊಡ್ತಿದ್ಳು, ಹೌದಿಲ್ಲೊ?"

ಅವನು ಫಾರಂ ನನ್ನ ಕಡೆ ಸರಿಸಿದ. "ಹೌದ್ರಿ, ಕೊಡ್ತಿದ್ಳು. ಮಾತಿನ್ಯಾಗ ನೀವು ಗೆದ್ರಿ. ಊರೂರಿನ ನೆಲ ತೋಡೀನ್ರಿ ನಾ. ಅವ್ವನ ಕುಣಿ ತೋಡಂಗಿಲ್ಲ."

ಹೊಸ ಟಿಕೆಟ್ ಕೊಳ್ಳೋಣವೆಂದರೆ ಆ ವಾರದ ಸೀಟುಗಳೆಲ್ಲ ತುಂಬಿದ್ದವು. ಸುಳ್ಳು ಬರೆಸಲು ನನಗೆ ಮನಸ್ಸಿರಲಿಲ್ಲ. ಹೈದರಾಬಾದಿನ ವಿಮಾನ ಕಚೇರಿಗೆ ಒಂದು ಪುಟದ ಫ್ಯಾಕ್ಸ್ ಕಳಿಸಿದೆ: ಟಿಕೆಟ್ ಇರುವ ಜಾಗ ತಿಳಿದಿದೆ, ಆದರೆ ತೆಗೆಯಲಾಗದು, ಇದಕ್ಕೆ ನಿಯಮವೇನು? ಅಂಥ ಪ್ರಶ್ನೆಗೆ ಸ್ಪರ್ಧೆಯಲ್ಲಾಗಿದ್ದರೆ ಎಂಟನೆಯ ಕಪ್ ಬರುತ್ತಿತ್ತು. ಮೂರನೆಯ ದಿನ ಉತ್ತರ ಬಂತು: ಕಳೆದಿಲ್ಲದ ಟಿಕೆಟ್‌ಗೆ ಬದಲಿ ಇಲ್ಲ.

ಫೋನ್ ಮಾಡಿದೆ. ಅಲ್ಲಿದ್ದ ಹೆಂಗಸು ನಿಟ್ಟುಸಿರು ಬಿಟ್ಟರು. "ಕಳೆದಿದೆ ಅಂತಷ್ಟೇ ಬರೆದಿದ್ದರೆ ಮೊದಲ ದಿನವೇ ಕೊಡುತ್ತಿದ್ದೆವು. ಈಗ ನೀವೇ ಬರವಣಿಗೆಯಲ್ಲಿ ಕೊಟ್ಟಿದ್ದೀರಿ."

ಮರುದಿನ ವಿಮಾನ ಹೋಯಿತು. ಅದರ ಮರುದಿನ ವೀಸಾ ಹೋಯಿತು. ಮರೆಪ್ಪ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಉತ್ತರ ನನ್ನಲ್ಲಿ ಸಿದ್ಧವಿತ್ತು. ಅವನು ಶಹಾಪುರದ ಕಡೆ ಉಪಕಾಲುವೆಯ ಹೂಳು ತೆಗೆಯುವ ಕೆಲಸಕ್ಕೆ ಸೇರಿದನೆಂದು ಯಾರೋ ಹೇಳಿದರು.

ಮುಂದಿನ ವರ್ಷ ಕಾಗದದ ಟಿಕೆಟ್ ನಿಂತಿತು, ಇ-ಟಿಕೆಟ್ ಬಂತು. ಮರೆಪ್ಪನಿಗೆ ಹೊಸ ವೀಸಾ ಸಿಕ್ಕಿದ್ದು ಇನ್ನೂ ಒಂದು ವರ್ಷದ ನಂತರ. ನಮ್ಮಲ್ಲಿಗೇ ಬಂದ. ಪ್ರಿಂಟ್ ತೆಗೆದು ಕೊಡುತ್ತ, ರೂಢಿಯ ಮಾತು ಬಾಯಿಂದ ಬಂದುಬಿಟ್ಟಿತು: "ಇದು ಕಳದ್ರೂ ಚಿಂತಿಲ್ಲ. ನಂಬರ ಕಂಪ್ಯೂಟರಿನ್ಯಾಗ ಇರ್ತದ."

ಅವನು ಹಾಳೆಯಿಂದ ತಲೆ ಎತ್ತಿದ. "ಅವತ್ತಿನ ಟಿಕೆಟಿನ ನಂಬರೂ ನಿಮ್ಮ ಹತ್ರ ಇತ್ತೇನ್ರಿ?"

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಆ ಫೈಲ್ ಇನ್ನೂ ಇತ್ತು. "ಇತ್ತು" ಎಂದೆ.

"ಅಂದ್ರ ಅವ್ವ ಒಯ್ದಿದ್ದು ಬರೇ ಕಾಗದ" ಎಂದ ಮರೆಪ್ಪ. "ಎರಡು ವರ್ಷ ಆಕಿ ಮ್ಯಾಲ ಸಿಟ್ಟಿದ್ದೆರಿ ನಾ."

ನನ್ನ ವಾದದಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ಸಾಧಿಸಬಲ್ಲೆ. ಸಾಧಿಸುವುದಿಲ್ಲ. ಪಾಸ್‌ಪೋರ್ಟ್ ಕಳೆಯಿತೆಂದು ಈಗ ಯಾರಾದರೂ ಕೌಂಟರಿಗೆ ಬಂದರೆ, ಎಲ್ಲಿ ಕಳೆಯಿತು ಎಂದು ನಾನು ಮೊದಲು ಕೇಳುವುದಿಲ್ಲ. ಯಾವತ್ತು ಹೋಗಬೇಕು ಎಂದು ಕೇಳುತ್ತೇನೆ.