ಸೂಜಿಗೆ ಮುಂಚಿನ ಇಪ್ಪತ್ತಾರು ನಿಮಿಷ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಇಪ್ಪತ್ತು ಹಾಸಿಗೆಯ ಪುಟ್ಟ ಆಸ್ಪತ್ರೆಯ ಬಾಗಿಲಿಗೆ ಬೇಕರಿಯವರೊಬ್ಬರು ಹೆಂಡತಿಯ ಹೆಗಲು ಹಿಡಿದು ಬರುತ್ತಾರೆ. ಕೈಯಲ್ಲಿ ಮೈದಾ ಹಿಟ್ಟು, ಹಣೆಯಲ್ಲಿ ಬೆವರು, ಬಾಯಲ್ಲಿ ‘ಗ್ಯಾಸು’ ಎಂಬ ಒಂದೇ ಮಾತು. ಹಿರಿಯ ನರ್ಸ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎದೆಗೆ ಇಸಿಜಿ ತಂತಿ ಅಂಟಿಸುತ್ತಲೇ ಕೇಳುತ್ತಾರೆ: “ನೋವು ಬಂದಾಗ ಏನ್ ಮಾಡ್ತಾ ಇದ್ರಿ?”

ಮೊದಲ ಟ್ರೇ ಒಲೆಗಿಡುತ್ತಿದ್ದರಂತೆ. ಹಾಗಾದರೆ ನಾಲ್ಕೂವರೆ ಎಂದು ಹೆಂಡತಿ ಹೇಳುತ್ತಾರೆ.

ಯಾವಾಗ ಶುರುವಾಯಿತು ಎಂದು ಈ ನರ್ಸ್ ಕೇಳುವುದೇ ಇಲ್ಲ. ಕೇಳಿದರೆ ಎಲ್ಲರ ಉತ್ತರ ‘ಈಗಷ್ಟೇ.’ ಕೆಲಸಕ್ಕೆ ಸೇರಿದ ಹೊಸತರಲ್ಲಿ ದರ್ಜಿಯೊಬ್ಬರ ‘ಈಗಷ್ಟೇ’ಯನ್ನು ನಂಬಿ ಹಾಗೇ ಬರೆದುಕೊಂಡಿದ್ದರು. ನೋವು ನಿಜಕ್ಕೂ ಹಿಂದಿನ ದಿನ ಮಧ್ಯಾಹ್ನದ್ದು. ತಡವಾಗಿ ಕೊಟ್ಟ ಔಷಧ ಫಲಿಸಲಿಲ್ಲ, ದರ್ಜಿ ಉಳಿಯಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಹೃದಯದ ಮುಚ್ಚಿದ ರಕ್ತನಾಳವನ್ನು ಬಲೂನು ಹಾಕಿ ತೆರೆಯುವ ಸೌಕರ್ಯ ಇಲ್ಲಿಲ್ಲ. ಅದಿರುವ ದೊಡ್ಡಾಸ್ಪತ್ರೆ ಎರಡೂವರೆ ತಾಸು ದೂರ. ಹಾಗಾಗಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನೇ ಗತಿ. ಹನ್ನೊಂದು ವರ್ಷದಲ್ಲಿ ಈಕೆ ಕೊಟ್ಟದ್ದು ನೂರ ನಲವತ್ಮೂರು. ರೋಗಿ ಬಾಗಿಲು ದಾಟಿದ ಮೇಲೆ ಸೂಜಿ ಚುಚ್ಚಲು ಮೊದಲೆಲ್ಲ ಐವತ್ತೈದು ನಿಮಿಷ ಹಿಡಿಯುತ್ತಿತ್ತು, ಈಗ ಇಪ್ಪತ್ತೆರಡು. ಸ್ಟೋರಿನಲ್ಲಿ ಬೀಗದೊಳಗಿದ್ದ ಔಷಧವನ್ನು ಜಗಳವಾಡಿ ಮಂಚದ ಪಕ್ಕದ ಕಪಾಟಿಗೆ ತಂದವರು ಇವರೇ. ಸಹೋದ್ಯೋಗಿಗಳು ಬೆನ್ನ ಹಿಂದೆ ‘ಗಡಿಯಾರಮ್ಮ’ ಅನ್ನುತ್ತಾರೆ. ಎದುರಿಗೆ ಅಂದರೂ ಇವರಿಗೆ ಬೇಸರವಿಲ್ಲ.

ಡ್ಯೂಟಿ ಡಾಕ್ಟರು ಇಸಿಜಿಯನ್ನು ದೊಡ್ಡಾಸ್ಪತ್ರೆಯ ಹೃದಯತಜ್ಞರಿಗೆ ಫೋನಿನಲ್ಲಿ ಕಳಿಸಿ, ಹೃದಯಾಘಾತವೇ ಹೌದು, ಇಂಜೆಕ್ಷನ್ ಕೊಡಿ ಎನ್ನುತ್ತಾರೆ. ಹೆಂಡತಿ ಮಾತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು ಎಂಬ ಸಾಲು ಓದಿ ಪತ್ರವನ್ನು ಹಿಂದಕ್ಕೆ ತಳ್ಳುತ್ತಾರೆ. ಇದೆಲ್ಲ ಬೇಡ, ನೇರ ದೊಡ್ಡಾಸ್ಪತ್ರೆಗೇ ಒಯ್ಯುತ್ತೇನೆಂದು ಹಟ. ಗಡಿಯಾರಮ್ಮ ಅಪಾಯವನ್ನು ಮುಚ್ಚಿಡುವುದಿಲ್ಲ, ನೂರರಲ್ಲಿ ಒಬ್ಬರಿಗೆ ಹಾಗಾಗುವುದುಂಟು ಎನ್ನುತ್ತಾರೆ. ರಕ್ತಸ್ರಾವದ ಅಪಾಯ ಹೆಚ್ಚಿಸುವಂಥ ತಲೆಗೆ ಪೆಟ್ಟು, ಆಪರೇಷನ್, ಪಾರ್ಶ್ವವಾಯು ಯಾವುದೂ ರೋಗಿಗೆ ಆಗಿಲ್ಲವೆಂದು ಮತ್ತೊಮ್ಮೆ ಕೇಳಿ ಖಾತರಿ ಮಾಡಿಕೊಳ್ಳುತ್ತಾರೆ.

“ಅಕ್ಕಾ, ಅಲ್ಲಿಗೂ ಹೋಗೋದೇ. ಆಂಬುಲೆನ್ಸ್ ಹೊರಗೆ ನಿಂತಿದೆ. ಆದ್ರೆ ಸುಮ್ನೆ ಹೋದ್ರೆ ದಾರಿಯುದ್ದಕ್ಕೂ ರಕ್ತ ಸಿಗದೆ ಹೃದಯ ಉಪವಾಸ ಇರತ್ತೆ. ಇದನ್ನ ಕೊಟ್ಟೇ ಹೊರಡೋಣ.”

ಸಹಿ ಬೀಳುತ್ತದೆ, ಔಷಧ ರಕ್ತಕ್ಕಿಳಿಯುತ್ತದೆ. ಇಪ್ಪತ್ತಾರು ನಿಮಿಷ. ನಾಲ್ಕು ಹೆಚ್ಚಾಯಿತಲ್ಲ ಎಂದು ಡಾಕ್ಟರು ಕಿಚಾಯಿಸಿದರೆ, ಹೆದರಿದವರಿಗೆ ಅಷ್ಟು ಹೊತ್ತೂ ಕೊಡದಿದ್ದರೆ ಹೇಗೆ ಎಂದು ಇವರೇ ತಿರುಗಿ ಕೇಳುತ್ತಾರೆ. ಆಂಬುಲೆನ್ಸಿನಲ್ಲಿ ರೋಗಿಯ ಜೊತೆಗೂ ಇವರೇ. ಅರ್ಧ ದಾರಿಯಲ್ಲಿ ಬೇಕರಿಯವರ ನೋವು ಇಳಿಯುತ್ತದೆ. ಒಲೆ ಆರಿಸಿ ಬಂದೆಯಾ ಎಂದು ಹೆಂಡತಿಯನ್ನು ಗದರಿಸುವಷ್ಟು ದನಿಯೂ ಬರುತ್ತದೆ. ಹೆಂಡತಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತವೆ.

ನಾಲ್ಕನೇ ದಿನ ದೊಡ್ಡಾಸ್ಪತ್ರೆಯ ವರದಿ ಬರುತ್ತದೆ. ರೋಗಿ ಬರುವ ಹೊತ್ತಿಗೇ ರಕ್ತನಾಳ ತೆರೆದಿತ್ತು ಎಂದಿದೆ. ತೆರೆದವರು ಯಾರೆಂದು ಬರೆದಿಲ್ಲ. ಬೇಸರವಿಲ್ಲವೇ ಎಂದರೆ ಗಡಿಯಾರಮ್ಮ ನಗುತ್ತಾರೆ.

“ತೆರೆದಿತ್ತು ಅಂತ ಬರೆದಿದಾರಲ್ಲ, ಅಷ್ಟು ಸಾಕು. ಮುಚ್ಚಿತ್ತು ಅಂತ ಬರೆದಿದ್ರೆ ನಾನೆಲ್ಲಿ ತಡ ಮಾಡ್ದೆ ಅಂತ ಹುಡುಕ್ತಾ ಕೂರಬೇಕಿತ್ತು.”