ನಾನು ದಾಟದ ಕೆರೆ

ತೊಂಬತ್ತೆಂಟರ ಮೇ ತಿಂಗಳು. ನಾನು, ಹೆಂಡತಿ ಜಯಮ್ಮ, ಬಳ್ಳಾರಿಯಿಂದ ರಜೆಗೆ ಬಂದಿದ್ದ ಮಗಳ ಮಕ್ಕಳಿಬ್ಬರು ಬೆಳಗಿನ ಏಳಕ್ಕೆ ತುಮಕೂರು ಬಿಟ್ಟೆವು. ನಯನಾಳಿಗೆ ಹತ್ತು ವರ್ಷ, ಚೇತನನಿಗೆ ಏಳು. ಹೊರಟಿದ್ದು ಜಯಮ್ಮನ ತವರು ಕಡಬಕ್ಕೆ. ಅಲ್ಲಿ ಅವಳ ತಮ್ಮ ಶಿವಣ್ಣ ಕೆರೆಯ ಪಕ್ಕದ ತೆಂಗಿನ ತೋಟದಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿಕೊಂಡಿದ್ದ. ಮೂರು ದಿನ ಅಲ್ಲೇ ನಮ್ಮ ಠಿಕಾಣಿ.

ಗುಬ್ಬಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು, ಕಡಬದ ಖಾಸಗಿ ಬಸ್ ಹಿಡಿದೆವು. ದಾರಿಯಲ್ಲಿ ಕಂಡ ಹೊಂಡವನ್ನೆಲ್ಲ ತೋರಿಸಿ ಚೇತನ್ ಕೇಳುತ್ತಿದ್ದ: "ತಾತ, ನೀವು ಈಜಿದ್ದು ಇದೇನಾ?"

"ಇದಲ್ಲ ಕಣೋ. ಇದರ ನೂರರಷ್ಟು ದೊಡ್ಡದು."

ಮುಂದಿನ ಸೀಟಿನಲ್ಲಿದ್ದ ಜಯಮ್ಮ ತಿರುಗಿ ನೋಡಲಿಲ್ಲ.

ನಿಜ ಹೇಳುತ್ತೇನೆ. ನನ್ನೂರು ಬೆಳ್ಳಾವಿ ಕಡೆ. ನನಗೆ ಈಜು ಬರುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅಣ್ಣಂದಿರ ಜೊತೆ ಪಂದ್ಯ ಕಟ್ಟಿ ಕಡಬದ ಕೆರೆ ದಾಟಿದವಳು ಜಯಮ್ಮ. ಆಚೆ ದಡ ಮುಟ್ಟಿ ಮನೆಗೆ ಬಂದವಳಿಗೆ ಅಪ್ಪ ಬಾರಿಸಿ, ಇನ್ನು ನೀರಿಗಿಳಿಯಕೂಡದೆಂದು ಕಟ್ಟಪ್ಪಣೆ ಮಾಡಿದ್ದರಂತೆ. ಮದುವೆಯಾದ ಹೊಸದರಲ್ಲಿ ಅವಳು ಹೇಳಿದ್ದನ್ನು ನಾನು ಮಗಳಿಗೆ ನನ್ನ ಸಾಹಸವೆಂದು ಹೇಳಿದೆ: ಹೊಸ ಅಳಿಯನಾಗಿ ಹೋದವನು ಊರಿಗೆ ಊರೇ ಏರಿಯ ಮೇಲೆ ನಿಂತು ನೋಡುವಂತೆ ಕೆರೆ ದಾಟಿದೆ ಎಂದು. ಆಮೇಲೆ ಮೊಮ್ಮಕ್ಕಳಿಗೂ ಅದನ್ನೇ ಹೇಳಿದೆ. ಅಡುಗೆಮನೆಯಲ್ಲಿ ಜಯಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಒಮ್ಮೆಯೂ ತಿದ್ದಲಿಲ್ಲ.

ಮೊದಲ ದಿನ ಮುದ್ದೆ, ಹುರುಳಿಕಾಳಿನ ಸಾರು ಉಂಡು, ಬಿಸಿಲು ಇಳಿದ ಮೇಲೆ ಕೆರೆಗೆ ಹೋದೆವು. ಹಿಂಗಾರು ಚೆನ್ನಾಗಿ ಆಗಿದ್ದರಿಂದ ಬೇಸಿಗೆಯಲ್ಲೂ ನೀರಿತ್ತು. "ಈಜಿ ತೋರ್ಸಿ ತಾತ" ಎಂದು ಮಕ್ಕಳು ಪೀಡಿಸಿದರು. ಶೀತವಾಗಿದೆ ಎಂದೆ. ಶಿವಣ್ಣ ನಗುತ್ತಾ, "ಭಾವ, ನೀವ್ಯಾವಾಗ ಈಜು..." ಎಂದು ಶುರು ಮಾಡಿದ. "ಶಿವ, ಹೋಗಿ ನಾಲ್ಕು ಎಳನೀರು ಕೆಡವು" ಎಂದು ಜಯಮ್ಮ ಅವನ ಮಾತು ಕತ್ತರಿಸಿದಳು.

ಎರಡನೇ ದಿನ ಬೆಳಿಗ್ಗೆ ಕಿವಿನೋವೆಂದು ಹೇಳಿ ದಡದ ಕಲ್ಲಿನ ಮೇಲೆ ಕೂತೆ. ಇಪ್ಪತ್ತು ಮಾರು ಆಚೆ ಜಯಮ್ಮ ಬಟ್ಟೆ ಒಗೆಯುತ್ತಿದ್ದಳು. ಮೊಣಕಾಲುದ್ದದ ನೀರಲ್ಲಿ ನಿಂತು ನಯನಾ ಕೂಗಿದಳು: "ತಾತ, ಇನ್ನೂ ಮುಂದಕ್ಕೆ ಹೋಗ್ಲಾ?"

"ಹೋಗು, ನಾನಿದೀನಿ" ಎಂದೆ.

ನಾಲ್ಕು ಹೆಜ್ಜೆ ಇಟ್ಟಳು. ಯಾರೋ ಹೂಳು ತೆಗೆದ ಗುಂಡಿ ಅಲ್ಲಿತ್ತು. ಕಣ್ಣೆದುರೇ ಮುಳುಗಿದಳು. ಕೈ ಮಾತ್ರ ಒಮ್ಮೆ ಮೇಲೆ ಬಂತು. ನಾನು ಓಡಿ ಹೋಗಿ ಮೊಣಕಾಲುದ್ದದ ನೀರಲ್ಲೇ ನಿಂತುಬಿಟ್ಟೆ. ಅಲ್ಲಿಂದ ಮುಂದಕ್ಕೆ ಕಾಲು ಏಳಲಿಲ್ಲ. "ಜಯಾ!" ಎಂದು ಕಿರುಚಿದ್ದಷ್ಟೇ ನಾನು ಮಾಡಿದ ಕೆಲಸ.

ಐವತ್ತೆಂಟು ವರ್ಷದ ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ ನೀರಿಗೆ ಬಿದ್ದಳು. ಹೇಗೆ ಈಜಿದಳೋ, ಕೂದಲು ಹಿಡಿದು ಮಗುವನ್ನು ದಡಕ್ಕೆ ಎಳೆದು ತಂದಳು. ಕವುಚಿ ಹಾಕಿ ಬೆನ್ನು ತಟ್ಟಿದ ಮೇಲೆ ನಯನಾ ನೀರು ಕಾರಿ, ಕೆಮ್ಮಿ, ಅತ್ತಳು. ಅಳು ನಿಂತ ಮೇಲೆ ನನ್ನನ್ನೇ ನೋಡಿದಳು.

"ನೀವ್ಯಾಕೆ ಬರ್ಲಿಲ್ಲ ತಾತ?"

"ನನಗೆ ಈಜು ಬರಲ್ಲಮ್ಮ."

"ಮತ್ತೆ ಕೆರೆ ದಾಟಿದ್ದು?" ಎಂದ ಚೇತನ್.

"ನಿಮ್ಮಜ್ಜಿ."

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಜಯಮ್ಮನನ್ನು ಕೇಳಿದೆ: "ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ಹೇಳ್ಕೊಳ್ಳಲಿ ಬುಡು ಅಂತ ಇದ್ದೆ." ಒದ್ದೆ ಕೂದಲನ್ನು ಬಿಡಿಸಿಕೊಂಡಳು. "ಆದ್ರೆ ಮಗೂಗೆ 'ನಾನಿದೀನಿ' ಅಂದ್ರಲ್ಲ, ಅದನ್ನ ಮಾತ್ರ ಅನ್ಬಾರ್ದಿತ್ತು ಕಣ್ರೀ."

ಎದ್ದು ಹೋಗಿ ಅವಳ ಒದ್ದೆ ಸೀರೆ ಹಿಂಡಿ ಹಗ್ಗದ ಮೇಲೆ ಹರವಿದೆ.

ಮೂರನೇ ದಿನ ನಯನಾ ನೀರಿನ ಹತ್ತಿರ ಬರಲೊಲ್ಲೆ ಎಂದಳು. "ಇವತ್ತು ಇಳೀದಿದ್ರೆ ಜನ್ಮದಲ್ಲಿ ಇಳಿಯಲ್ಲ, ಬಾ" ಎಂದು ಜಯಮ್ಮ ಎರಡು ಒಣಗಿದ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ, ಮುಳುಗದಂತೆ ಅವಳ ಬೆನ್ನಿಗೆ ಕಟ್ಟಿದಳು. ಕೆರೆಗಿಳಿಯುವ ಮೆಟ್ಟಿಲಿನ ಪಕ್ಕದಲ್ಲೇ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಇಬ್ಬರಿಗೂ ಕಾಲು ಬಡಿಯುವುದನ್ನು ಕಲಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ನಮ್ ಜಯ ಮತ್ತೆ ನೀರಿಗಿಳಿದವ್ಳೆ ಕಣ್ರೋ!" ಎಂದು ಯಾರನ್ನೋ ಕೂಗಿ ಕರೆದಳು. ನಾನು ಟವೆಲುಗಳನ್ನು ಹಿಡಿದು ದಡದಲ್ಲಿ ನಿಂತಿದ್ದೆ.

ಸಂಜೆ ತುಮಕೂರಿನಲ್ಲಿ ಇಳಿದವನೇ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಮಗಳಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. "ನಯನಾ ಹುಷಾರಾಗಿದಾಳಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಪ್ಪಾ, ಈಜಿದ್ದು ಅಮ್ಮ ಅಂತ ನಂಗೆ ಎಂಟನೇ ಕ್ಲಾಸಲ್ಲೇ ಗೊತ್ತು. ಶಿವಮಾವ ಹೇಳಿದ್ರು."

"ಮತ್ತೆ ನನ್ನ ಕೇಳ್ಲೇ ಇಲ್ವಲ್ಲಮ್ಮ?"

"ನೀವು ಹೇಳೋವಾಗ ಅಮ್ಮ ಕೈಲಿದ್ದ ಕೆಲ್ಸ ನಿಲ್ಸಿ ಕೇಳ್ತಿದ್ಲು. ಅವಳ ಕತೇನ ನಮ್ಮನೇಲಿ ಇನ್ಯಾರೂ ಹೇಳ್ತಿರ್ಲಿಲ್ವಲ್ಲ."

ಫೋನ್ ಇಟ್ಟೆ. ಗಾಜಿನ ಆಚೆ ಜಯಮ್ಮ ಒದ್ದೆ ಬಟ್ಟೆಯ ಚೀಲ ಹಿಡಿದು, ಮಕ್ಕಳು ಈಜುವ ಹಾಗೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದುದನ್ನು ನೋಡಿ ನಗುತ್ತಿದ್ದಳು. ಅವಳೆದುರು ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ. ಹಿಂದೆ ಕಾಯುತ್ತಿದ್ದವರು "ಆಯ್ತಾ ಸಾರ್?" ಎಂದು ಬಾಗಿಲು ತಟ್ಟಿದ ಮೇಲೇ ಹೊರಗೆ ಬಂದೆ.