ಹಲ್ಲು ಕೀಳುವ ಕೋಣೆಯೊಳಗೆ ಯಾರು ಇರತಕ್ಕದ್ದು

ನನ್ನ ಮೊಮ್ಮಗನ ಹುಳುಕು ಹಲ್ಲನ್ನು ಬರುವ ಸೋಮವಾರ ಕೀಳಿಸಬೇಕಾಗಿದೆ. ಆ ಹೊತ್ತಿನಲ್ಲಿ ತಾಯಿಯಾದವರು ಹೊರಗೆ ಕುಳಿತಿರತಕ್ಕದ್ದೆಂದು ಹಲ್ಲಿನ ಡಾಕ್ಟರು ಮೊದಲೇ ತಿಳಿಸಿರುವರು. ಹಾಗೆ ಕುಳಿತಿರುವುದು ಸರಿಯೋ ತಪ್ಪೋ ಎಂದು ನನ್ನ ಸೊಸೆಯು ನನ್ನನ್ನು ಕೇಳಿದಳು. ಉತ್ತರವನ್ನು ಬರೆದೇ ತಿಳಿಸುವೆನೆಂದು ಹೇಳಿದೆ. ಮಾಗಡಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಸೇವೆಯ ಉದ್ದಕ್ಕೂ ಬರೆದದ್ದೆಲ್ಲ ಬೇರೆಯವರ ರುಜುವಿಗಾಗಿ. ಸ್ವಂತ ವಿಷಯವನ್ನು ಬರೆಯಲು ಕುಳಿತಿರುವುದು ಇದೇ ಮೊದಲಾದ್ದರಿಂದ, ಒಕ್ಕಣೆಯಲ್ಲಿ ಕಚೇರಿಯ ವಾಸನೆ ಬಂದಲ್ಲಿ ಓದುವವರು ಮನ್ನಿಸಬೇಕೆಂದು ಅರಿಕೆ.

ನಾನು ಹೇಳಹೊರಟಿರುವುದು ಮಹಾರಾಜರ ಆಳ್ವಿಕೆಯ ಕಾಲದ ಸಂಗತಿ. ಆಗ ರಾಮನಗರವನ್ನು ಕ್ಲೋಸ್‌ಪೇಟೆಯೆಂದೂ ಕನಕಪುರವನ್ನು ಕಾನಕಾನಹಳ್ಳಿಯೆಂದೂ ಕರೆಯುತ್ತಿದ್ದರು. ನಮ್ಮದು ಮಾಗಡಿ ಬಳಿಯ ಕಲ್ಯದ ಬೇಸಾಯದ ಮನೆ. ನನಗೆ ಒಬ್ಬಳೇ ತಂಗಿ. ಅವಳನ್ನು ಕಾನಕಾನಹಳ್ಳಿ ಕಡೆಯ ದೊಡ್ಡಆಲಹಳ್ಳಿಯ ಬೇಸಾಯಗಾರರ ಮನೆಗೆ ಕೊಟ್ಟಿತ್ತು. ಅವಳ ಒಬ್ಬಳೇ ಮಗಳಿಗೆ ಆಗ ಏಳು ವರ್ಷವಿದ್ದೀತು.

ನಮ್ಮ ಕಡೆ ಮಗುವಿನ ಮೈಮೇಲೆ ಕತ್ತಿ ಅಥವಾ ಸೂಜಿ ಆಡುವ ಕೆಲಸ ಯಾವುದೇ ಇರಲಿ, ಅದು ನಡೆಯತಕ್ಕದ್ದು ಸೋದರಮಾವನ ತೊಡೆಯ ಮೇಲೆ. ಮುಡಿ ತೆಗೆಸುವಾಗಲೂ ಕಿವಿ ಚುಚ್ಚಿಸುವಾಗಲೂ ಮಾವನು ತೆಂಗಿನಕಾಯಿ, ಬೆಲ್ಲ, ಹೊಸ ಬಟ್ಟೆಗಳೊಂದಿಗೆ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದುಕೊಳ್ಳಬೇಕು. ಆ ಸಮಯದಲ್ಲಿ ತಾಯಿಯನ್ನು ಒಳಮನೆಗೆ ಕಳುಹಿಸುತ್ತಾರೆ. ತಾಯಿಯ ಕರುಳು ತಡೆಯಲಾರದು, ಮಾವನ ಕೈ ಸಡಿಲವಾಗದು ಎಂಬುದು ಹಿರಿಯರ ಅಭಿಪ್ರಾಯ. ಈ ಮಗುವಿಗೆ ಮುಡಿ ತೆಗೆಸಿದ್ದೂ ಕಿವಿ ಚುಚ್ಚಿಸಿದ್ದೂ ತಡವಾಗಿ, ಅವಳಿಗೆ ಬುದ್ಧಿ ತಿಳಿದ ಮೇಲೆ. ಎರಡೂ ನನ್ನ ತೊಡೆಯ ಮೇಲೆಯೇ ನಡೆದವು. ಅಕ್ಕಸಾಲಿಗನು ಎರಡನೆಯ ಕಿವಿಗೆ ಸೂಜಿ ತರುವಾಗ ಅವಳು ಅಳದೆ ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೆ ಅಂದು ನಾನು ಹೆಚ್ಚಿನ ಅರ್ಥ ಕೊಡಲಿಲ್ಲ.

ಒಂದು ಮಳೆಗಾಲದ ಕೊನೆಯಲ್ಲಿ, ಮಗುವಿಗೆ ದವಡೆಯ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿದೆಯೆಂದು ತಂಗಿಯ ಗಂಡನಾದ ನನ್ನ ಭಾವಮೈದುನನಿಂದ ಆಳಿನ ಮೂಲಕ ಸುದ್ದಿ ಬಂತು. ಚನ್ನಪಟ್ಟಣದ ಪೇಟೆಯಲ್ಲಿ ಪಲ್ಟನ್ನಿನ ಸೇವೆ ಮುಗಿಸಿ ಬಂದ ಡಾಕ್ಟರೊಬ್ಬರು ಹಲ್ಲು ಕೀಳುತ್ತಾರೆ, ಆದರೆ ಸೋದರಮಾವನಿಲ್ಲದೆ ಮಗುವಿನ ಮೇಲೆ ಇಕ್ಕಳ ಇಡಕೂಡದೆಂದು ತಂಗಿಯ ಅತ್ತೆ ಹಟ ಹಿಡಿದಿದ್ದಾರೆ, ಆದಕಾರಣ ಕೂಡಲೇ ಹೊರಟು ಬರಬೇಕು ಎಂಬುದು ಸುದ್ದಿಯ ಸಾರಾಂಶ. ಆಗ ಕಚೇರಿಯಲ್ಲಿ ಜಮಾಬಂದಿಯ ಕಂದಾಯ ಲೆಕ್ಕದ ಕೆಲಸ ನಡೆಯುತ್ತಿತ್ತು. ನನಗೆ ರಜೆ ಮಂಜೂರಾಗುವುದು ತಡವಾಯಿತು. ಅಷ್ಟು ಕಾಲವೂ ಅವರು ಮಗುವಿಗೆ ಲವಂಗ ಅರೆದು ಇಡುತ್ತ ನನಗಾಗಿ ಕಾದಿದ್ದರು. ರಜೆ ಸಿಕ್ಕೊಡನೆ, ನಾನು ಇಂಥ ದಿನ ನೇರವಾಗಿ ಚನ್ನಪಟ್ಟಣಕ್ಕೇ ಬರುವೆನೆಂದು ಹೇಳಿಕಳುಹಿಸಿದೆ.

ಗಾಡಿಯಲ್ಲಿ ಕ್ಲೋಸ್‌ಪೇಟೆಗೆ ಬಂದು, ಅಲ್ಲಿಂದ ರೈಲು ಹತ್ತಿ ಚನ್ನಪಟ್ಟಣದಲ್ಲಿ ಇಳಿದಾಗ ಹೊತ್ತು ತಿರುಗಿತ್ತು. ಡಾಕ್ಟರು ಬಾಡಿಗೆಗೆ ಹಿಡಿದಿದ್ದ ಕೋಣೆಯು ಬೊಂಬೆ ಮಾಡುವ ಸಾಬರೊಬ್ಬರ ಮನೆಯ ಹಿಂಭಾಗದಲ್ಲಿತ್ತು. ಮುಂದಿನ ಜಗುಲಿಯಲ್ಲಿ ಸಾಬರು ತಿರುಗಣೆಗೆ ಹಾಲೆ ಮರದ ತುಂಡನ್ನು ಸಿಕ್ಕಿಸಿ ಕಡೆಯುತ್ತಿದ್ದರು. ಕಾದ ಅರಗಿನ ವಾಸನೆ ಬೀದಿಗೆಲ್ಲ ಹರಡಿತ್ತು. ತಂಗಿಯು ಮಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಯೇ ಕುಳಿತಿದ್ದಳು. ಬೊಂಬೆ ಕೊಡಿಸುವುದಾಗಿ ಹೇಳಿ ಮಗುವನ್ನು ಕರೆತಂದಿದ್ದರಂತೆ. ಅವಳ ಎಡಗೆನ್ನೆ ಬಿಗಿದು ಹೊಳೆಯುತ್ತಿತ್ತು, ಆ ಕಡೆಯ ಕಣ್ಣು ಅರ್ಧ ಮುಚ್ಚಿಹೋಗಿತ್ತು. ಆದರೂ ಅವಳು ಸಮಾಧಾನವಾಗಿ ಎರಡು ಬುಗುರಿಗಳನ್ನು ಕೈಯಲ್ಲಿ ಹಿಡಿದು, ಕೆಂಪು ಬೇಕೋ ಹಳದಿ ಬೇಕೋ ಎಂದು ನೋಡುತ್ತಿದ್ದಳು.

ನಾನು ಮೆಟ್ಟಿಲು ಹತ್ತಿದೆ. ನನ್ನ ಕೈಚೀಲದಲ್ಲಿ ತೆಂಗಿನಕಾಯಿಯೂ ಲಂಗದ ಬಟ್ಟೆಯೂ ಇದ್ದವು, ಬೆಲ್ಲದ ಅಚ್ಚು ಮೇಲೆ ಕಾಣುತ್ತಿತ್ತು. ಮಗು ನನ್ನನ್ನು ನೋಡಿತು, ಬೆಲ್ಲವನ್ನು ನೋಡಿತು. ಬುಗುರಿಗಳನ್ನು ಮೆಲ್ಲಗೆ ಕೆಳಗಿಟ್ಟಿತು.

“ಮಾವ ಬಂದವ್ನೆ,” ಎಂದಳು ತಾಯಿಗೆ. “ನಂಗೇನೋ ಮಾಡ್ತೀರ.”

ಅನಂತರ ಬಾಯಿ ಮುಚ್ಚಿದಳು. ಬೆಳಗಿನಿಂದ ನೀರನ್ನಾದರೂ ಕುಡಿಯುತ್ತಿದ್ದ ಮಗು ಆ ಗಳಿಗೆಯಿಂದ ತುಟಿಯನ್ನು ಬಿಚ್ಚಲಿಲ್ಲ.

ಡಾಕ್ಟರ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಕೈಯಿರುವ ಮರದ ಕುರ್ಚಿಯೊಂದನ್ನು ಹಾಕಿದ್ದರು. ಅವರಿಗೆ ಇದ್ದ ಬೆಳಕು ಆ ಕಿಟಕಿಯದು ಮಾತ್ರ. ಹಿತ್ತಿಲಲ್ಲಿದ್ದ ಹುಣಿಸೆ ಮರದ ನೆರಳು ಆಗಲೇ ಕಿಟಕಿಯ ಕೆಳಗಣ ಗೋಡೆಗೆ ಬಂದಿತ್ತು. ತಾಯಿ ಹೊರಗಿರಲಿ, ಹಿಡಿದುಕೊಳ್ಳಲು ಒಬ್ಬ ಗಂಡಸು ಸಾಕು ಎಂದು ಅವರು ಮೊದಲೇ ತಿಳಿಸಿದರು. ಹಿಂದೊಮ್ಮೆ ಇಕ್ಕಳವು ಮಗುವಿನ ಬಾಯಲ್ಲಿರುವಾಗಲೇ ಒಬ್ಬ ತಾಯಿ ಅವರ ಕೈಯನ್ನು ಎಳೆದು, ಇಕ್ಕಳ ಜಾರಿ ಮಗುವಿನ ತುಟಿ ಸೀಳಿತ್ತಂತೆ. ಅಂದಿನಿಂದ ಇದು ಅವರ ನಿಯಮ. ನಮ್ಮ ಪದ್ಧತಿಯೂ ಅದೇ ಆಗಿದ್ದುದರಿಂದ ಯಾರೂ ಎದುರು ಹೇಳಲಿಲ್ಲ.

ನಾನು ಕುರ್ಚಿಯಲ್ಲಿ ಕುಳಿತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಒದೆಯಲಿಲ್ಲ, ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಕಲ್ಲಿನಂತೆ ಕುಳಿತಳು. ಡಾಕ್ಟರು ಪುಸಲಾಯಿಸಿದರು. ಭಾವಮೈದುನನು ಬುಗುರಿ ತೋರಿಸಿದನು, ಮತ್ತೆ ಗದರಿಸಿದನು. ಚಮಚದ ಹಿಡಿಯನ್ನು ತುಟಿಯ ಸಂದಿಗೆ ತಂದಾಗ ಅವಳು ತಲೆಯನ್ನು ತಿರುವಿದ ರಭಸಕ್ಕೆ ಊದಿದ ಕೆನ್ನೆಯು ನನ್ನ ಅಂಗಿಯ ಗುಂಡಿಗೆ ತಾಗಿತು. ಆ ನೋವಿಗೂ ಅವಳು ಬಾಯಿ ತೆರೆಯಲಿಲ್ಲ, ಮೂಗಿನಲ್ಲಿಯೇ ನರಳಿದಳು. ನನ್ನ ತೊಡೆಯೆಂದರೇನು ಎಂಬುದನ್ನು ಅವಳು ಎರಡು ಸಲ ಕಲಿತಿದ್ದಳು.

ಡಾಕ್ಟರು ಅವಳ ದವಡೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಬಳಿಕ ನನ್ನನ್ನೂ ಭಾವಮೈದುನನನ್ನೂ ಬಾಗಿಲ ಬಳಿಗೆ ಕರೆದು, ಕೀವು ಕೆಳಗಿಳಿಯುತ್ತಿದೆ, ಗಂಟಲ ಕಡೆಗೆ ಹೋದರೆ ಉಸಿರು ಕಟ್ಟುವುದು, ನಾಳೆಯವರೆಗೆ ಬಿಡಲು ನಾನು ಒಪ್ಪುವುದಿಲ್ಲ ಎಂದರು. ಇಷ್ಟು ಕೀವು ತುಂಬಿದ ಜಾಗಕ್ಕೆ ಮರಗಟ್ಟಿಸುವ ಔಷಧಿ ಹಿಡಿಯದೆಂದೂ, ಮಗು ತಾನಾಗಿ ಬಾಯಿ ತೆರೆಯದೆ ಬಲವಂತದಿಂದ ಇಕ್ಕಳ ಹಾಕಿದರೆ ಹಲ್ಲು ಮುರಿದು ಬೇರು ಒಳಗೇ ಉಳಿಯುವುದೆಂದೂ ತಿಳಿಸಿದರು. ಅಷ್ಟರಲ್ಲಿ ನೆರಳು ಕಿಟಕಿಯ ಅಂಚಿಗೆ ಏರಿತ್ತು.

ಭಾವಮೈದುನನು ಇನ್ನಿಬ್ಬರನ್ನು ಕರೆತಂದು ಹಿಡಿಸೋಣವೆಂದನು. ಕಚೇರಿಯಲ್ಲಿ ನಿಯಮವೊಂದು ಕೆಲಸಕ್ಕೆ ಬಾರದಾದಾಗ ಮೇಲಿನವರ ಅಪ್ಪಣೆ ಕೇಳುವುದು ವಾಡಿಕೆ. ಅಲ್ಲಿ ಕೇಳಲು ಯಾರೂ ಇರಲಿಲ್ಲ.

ಅಷ್ಟು ಹೊತ್ತೂ ಹೊಸ್ತಿಲ ಆಚೆಗೆ ನಿಂತಿದ್ದ ನನ್ನ ತಂಗಿ ಆಗ ಒಳಗೆ ಬಂದಳು.

“ಅಣ್ಣಯ್ಯ, ನೀನು ಆಚೆ ಓಗು,” ಎಂದಳು.

ತವರಿನಿಂದ ಕರೆಸಿದ ಸೋದರಮಾವನನ್ನು ಎದ್ದು ಹೋಗೆನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಭಾವಮೈದುನನ ಮುಖ ಕೆಂಪಾಯಿತು.

“ಏನ್ ಮಾತಾಡ್ತಾ ಇದ್ದೀಯೆ? ಅವ್ವ ಕೇಳಿದ್ರೆ ಏನಂತ ಯೋಳನ?”

“ಬೈದ್ರೆ ಬೈಸ್ಕತೀನಿ ಬುಡಿ. ನನ್ ಮಗ ಇವನ ತೊಡೆ ಮ್ಯಾಲೆ ಬಾಯಿ ಬುಡಲ್ಲ. ನಾನು ಕೂತ್ಕತೀನಿ.”

ಮಗಳನ್ನು ಅವಳು ಮಗನೆಂದೇ ಕರೆಯುತ್ತಿದ್ದಳು. ಡಾಕ್ಟರು ಆಗದೆಂದು ತಲೆಯಾಡಿಸಿದರು. ಹಳೆಯ ಸಂಗತಿಯನ್ನು ಅವಳಿಗೆ ಇನ್ನೊಮ್ಮೆ ಬಿಡಿಸಿ ಹೇಳಿ, ತಾಯಿಯ ಕೈ ತಾಯಿಯ ಮಾತನ್ನೂ ಕೇಳುವುದಿಲ್ಲವಮ್ಮ ಎಂದರು. ತಂಗಿಯು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು.

“ಆಗಂದ್ರೆ ಕಟ್ಟಾಕ್ರಿ ಸ್ವಾಮಿ,” ಎಂದಳು. “ಕುರ್ಚಿಗೆ ಕಟ್ಟಾಕ್ರಿ. ನೀವು ಯೋಳಾದು ದಿಟ. ನಾನು ನಿಮ್ ಕೈಯ ಇಡಕಂಡ್ಬುಡ್ತೀನಿ.”

“ಕೈ ಕಟ್ಟಿದ ಮೇಲೆ ಮಗುವನ್ನು ಹೇಗೆ ಸಮಾಧಾನ ಮಾಡ್ತೀರಿ?”

“ಬಾಯಿ ಐತಲ್ಲ.”

ಡಾಕ್ಟರು ಕಿಟಕಿಯ ಕಡೆಗೊಮ್ಮೆ ನೋಡಿದರು. ಆಮೇಲೆ ನನ್ನ ಹೆಗಲ ಮೇಲಿದ್ದ ವಲ್ಲಿಯ ಕಡೆಗೆ ಕೈ ತೋರಿಸಿದರು.

ಹೀಗೆ ಆ ದಿನ ನಾನು ಹಿಡಿದದ್ದು ಮಗುವನ್ನಲ್ಲ. ತಂಗಿಯು ಕುರ್ಚಿಯಲ್ಲಿ ಕುಳಿತು ಎರಡು ಕೈಗಳನ್ನೂ ಬೆನ್ನ ಹಿಂದಕ್ಕೆ ಕೊಟ್ಟಳು. ನಾನು ವಲ್ಲಿಯಿಂದ ಮಣಿಕಟ್ಟುಗಳನ್ನು ಸುತ್ತಿ, ಕುರ್ಚಿಯ ಹಿಂದಿನ ಪಟ್ಟಿಗೆ ಗಂಟು ಹಾಕಿದೆ. ಸಡಿಲವಾಗಿ ಕಟ್ಟಿದ್ದನ್ನು ಕಂಡು, “ಇನ್ನೂ ಒಸಿ ಬಿಗಿ ಕಣಣ್ಣ,” ಎಂದಳು. ಬಿಗಿದೆ. ಬಳೆಗಳು ಮರಕ್ಕೆ ತಾಗಿ ಸದ್ದಾಯಿತು. ಮಗು ಮೂಲೆಯಲ್ಲಿ ನಿಂತು ಇದೆಲ್ಲವನ್ನೂ ನೋಡುತ್ತಿತ್ತು. ತನ್ನ ಕೈಯನ್ನು ಬಿಟ್ಟು ಇನ್ನೊಬ್ಬರ ಕೈಯನ್ನು ಮಾವ ಹಿಡಿಯುವುದನ್ನು ಅವಳು ಕಂಡದ್ದು ಅದೇ ಮೊದಲು. ಯಾರೂ ಕರೆಯದೆ ತಾನೇ ಬಂದು ತಾಯಿಯ ಮಡಿಲಿಗೆ ಹತ್ತಿ, ಅವಳ ಎದೆಗೆ ಒರಗಿದಳು. ನಾನೂ ಭಾವಮೈದುನನೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು.

ಜಗುಲಿಯಲ್ಲಿ ಸಾಬರು ತಿರುಗಣೆ ನಿಲ್ಲಿಸಿದರು. ಒಳಗಿನ ಸದ್ದು ನಮಗೆ ಕೇಳಲೆಂದು ನಿಲ್ಲಿಸಿದರೋ, ತಿರುಗಣೆಯ ಸದ್ದು ಒಳಗೆ ಹೋಗದಿರಲೆಂದು ನಿಲ್ಲಿಸಿದರೋ ತಿಳಿಯದು. ಭಾವಮೈದುನನು ಬೀದಿಗೆ ಇಳಿಯುವುದು, ಮತ್ತೆ ಮೆಟ್ಟಿಲು ಹತ್ತುವುದು, ಹೀಗೆ ಮಾಡುತ್ತಿದ್ದನು. ನಾನು ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತೆ.

ಮೊದಲು ಕೇಳಿಸಿದ್ದು ತಂಗಿಯ ದನಿ. ಏನೂ ಆಗುವುದಿಲ್ಲವೆಂದು ಅವಳು ಹೇಳಲಿಲ್ಲ. ಕಾಗೆ ನೋಡು, ಗುಬ್ಬಿ ನೋಡು ಎನ್ನಲಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆಯೇ ಮಗಳಿಗೆ ತಿಳಿಸುತ್ತಿದ್ದಳು. ಡಾಕ್ಟರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಇಕ್ಕಳ ತೆಗೆದುಕೊಂಡರು, ಅದು ತಣ್ಣಗಿರುತ್ತದೆ ಎಂದಳು. ಒಸಿ ಬಾಯಿ ಬಿಡು, ನಾನೂ ಬಿಡುತ್ತೇನೆ ಎಂದಳು.

“ಈಗ ನೋಯ್ತದೆ ಕಣ್ ಮಗ. ಈಗ.”

ಮಗುವಿನ ಕೂಗು ಬಂತು. ಒಂದೇ ಕೂಗು, ನಡುವೆ ತುಂಡಾದಂತೆ ನಿಂತಿತು. ಅದರ ಹಿಂದೆಯೇ ಕುರ್ಚಿಯು ನೆಲಕ್ಕೆ ಕುಟ್ಟಿದ ಸದ್ದು, ಬಳೆ ಒಡೆದ ಸದ್ದು. ತಂಗಿಯ ಮಾತು ನಿಂತುಹೋಯಿತು. ಮಾತು ಬರುವವರೆಗೆ ಕಾಯಬೇಕೋ ಬಾಗಿಲು ನೂಕಬೇಕೋ ನನಗೆ ತೋಚಲಿಲ್ಲ. ಒಳಗೆ ಗದರಾಡಿದ್ದ ಭಾವಮೈದುನನು ನನ್ನ ತೋಳನ್ನು ಹಿಡಿದುಕೊಂಡನು. ಒಳಗೆ ಹೆಜ್ಜೆಯ ಸದ್ದಿಲ್ಲ, ಅಳುವಿಲ್ಲ. ಗಂಟಲಿಗೆ ಇಳಿಯಬಹುದೆಂದು ಡಾಕ್ಟರು ಹೇಳಿದ್ದ ಕೀವಿನ ಹೊರತು ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ.

“ಉಗಿ, ಉಗಿ ಮಗ. ಎಲ್ಲಾನೂ ಉಗುದ್ಬುಡು.” ತಂಗಿಯ ದನಿ ಮತ್ತೆ ಬಂತು.

ನಮ್ಮನ್ನು ಒಳಗೆ ಕರೆದಾಗ ಮಗುವು ಬಾಯಲ್ಲಿ ಹತ್ತಿಯಿಟ್ಟುಕೊಂಡು ತಾಯಿಯ ಮಡಿಲಲ್ಲಿಯೇ ಇತ್ತು. ಬಟ್ಟಲಲ್ಲಿ ಕೀವೂ ರಕ್ತವೂ ಅವುಗಳ ನಡುವೆ ಹಲ್ಲೂ ಇದ್ದವು. ಹಲ್ಲು ಮುರಿದಿರಲಿಲ್ಲ. ನಾನು ಕುರ್ಚಿಯ ಹಿಂದೆ ಹೋಗಿ ಗಂಟು ಬಿಚ್ಚಲು ನೋಡಿದೆ. ಬಿಚ್ಚಲಾಗಲಿಲ್ಲ. ಅವಳು ಎಳೆದ ಎಳೆತಕ್ಕೆ ಗಂಟು ಗೋಲಿಯಷ್ಟಾಗಿ ಬಿಗಿದಿತ್ತು. ವಲ್ಲಿಯು ಮಣಿಕಟ್ಟಿನ ಮಾಂಸದೊಳಕ್ಕೆ ಕುಳಿತಿತ್ತು, ಒಡೆದ ಬಳೆಯ ಚೂರು ಚುಚ್ಚಿ ರಕ್ತ ಬಂದಿತ್ತು. ಕಡೆಗೆ ಡಾಕ್ಟರು ಕತ್ತರಿಯಿಂದ ವಲ್ಲಿಯನ್ನು ಕತ್ತರಿಸಿದರು. ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದು ನೋಡುತ್ತ, “ಇವರನ್ನು ಕಟ್ಟದೆ ಇದ್ದಿದ್ದರೆ ನನ್ನ ಕೈ ಹಿಡಿಯುತ್ತಿದ್ದರು. ಇವರು ಇಲ್ಲದೆ ಇದ್ದಿದ್ದರೆ ಮಗು ಬಾಯಿ ತೆರೆಯುತ್ತಿರಲಿಲ್ಲ. ಇದಕ್ಕೆ ನಾನು ಏನಂತ ನಿಯಮ ಮಾಡಲಿ?” ಎಂದು ನನ್ನನ್ನು ಕೇಳಿದರು. ನಿಯಮಗಳನ್ನು ನಕಲು ಮಾಡುವುದೇ ನನ್ನ ಕೆಲಸವೆಂದು ಅವರಿಗೆ ಯಾರು ಹೇಳಿದ್ದರೋ.

ಜಗುಲಿಗೆ ಬಂದ ಮೇಲೆ ಮಗು ನನ್ನ ಹತ್ತಿರ ಬರಲಿಲ್ಲ. ಕೈಚೀಲದ ಹತ್ತಿರ ಬಂದಿತು. ಬೆಲ್ಲದ ಅಚ್ಚನ್ನು ತೆಗೆದುಕೊಂಡು ಜಗುಲಿಯ ಕಲ್ಲಿಗೆ ಕುಟ್ಟಿ ಒಂದು ಚೂರು ಮಾಡಿದಳು. ತಾಯಿಯ ಬೆರಳುಗಳು ಇನ್ನೂ ಮಡಿಸಲಾರದಷ್ಟು ಜೋಮು ಹಿಡಿದಿದ್ದವು. ಮಗಳು ಆ ಚೂರನ್ನು ತಾನೇ ತಾಯಿಯ ಬಾಯಿಗೆ ಇಟ್ಟಳು.

ಆ ರಾತ್ರಿ ಎಲ್ಲರೂ ಛತ್ರದಲ್ಲಿ ಉಳಿದು, ಮರುದಿನ ಸಾತನೂರಿನ ಮೇಲೆ ಗಾಡಿಯಲ್ಲಿ ದೊಡ್ಡಆಲಹಳ್ಳಿ ಸೇರಿದೆವು. ಊತ ಅಷ್ಟರಲ್ಲೇ ಇಳಿಯತೊಡಗಿತ್ತು. ತಂಗಿಯ ಅತ್ತೆ ಮೊಮ್ಮಗಳ ಕೆನ್ನೆ ಮುಟ್ಟಿ ನೋಡಿ, ಮಾವ ಹಿಡಿದುಕೊಂಡಿದ್ದನೇ ಎಂದು ಮಗನನ್ನು ಕೇಳಿದರು. ಅವನು ನನ್ನ ಮುಖ ನೋಡಿದನು. “ಊಂ ಕಣವ್ವ, ಗಟ್ಟಿಯಾಗೇ ಇಡಕಂಡಿದ್ರು,” ಎಂದನು. ಆಗ ಅವರ ಕಣ್ಣು ಸೊಸೆಯ ಬಳೆಯಿಲ್ಲದ, ಕಟ್ಟಿನ ಬಾಸುಂಡೆ ಎದ್ದ ಮಣಿಕಟ್ಟುಗಳ ಮೇಲೆ ಬಿತ್ತು. ಒಳಗೆ ಹೋಗಿ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ತಂದು, ಸೊಸೆಯನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದರು.

ನನ್ನ ಸೊಸೆಯ ಪ್ರಶ್ನೆಗೆ ಸಂಬಂಧಪಟ್ಟಂತೆ ನನಗೆ ತಿಳಿದಿರುವುದು ಇಷ್ಟೆ. ಸೋಮವಾರ ಅವಳು ಒಳಗೆ ಹೋಗಲಿ. ಆದರೆ ಬಾಗಿಲು ಮುಚ್ಚುವುದಕ್ಕೆ ಮುಂಚೆ, ತನ್ನ ಕೈ ಏನು ಮಾಡಿಬಿಡಬಹುದೆಂಬುದನ್ನು ಡಾಕ್ಟರಿಗೆ ಅವಳೇ ಬಾಯಿಬಿಟ್ಟು ಹೇಳಲಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ. ಹೊರಗೆ ಗೋಡೆಯ ಪಕ್ಕದಲ್ಲಿ ಕುಳಿತಿರುತ್ತೇನೆ.